ಭೀಮವ್ವ ಮೆಚ್ಚಿದ ಕಾದಂಬರಿ

ಭೀಮವ್ವನಿಗೆ ಪಲ್ಯ ಸೇರದಿದ್ದರೆ ಮನೆಯಲ್ಲಿ ಯಾರೂ ಅಷ್ಟಾಗಿ ಹೆದರುತ್ತಿರಲಿಲ್ಲ. ಕಾದಂಬರಿ ಸೇರದಿದ್ದರೆ ಮಾತ್ರ ಎಲ್ಲರೂ ಮೂಲೆ ಹುಡುಕುತ್ತಿದ್ದರು. ವಿಜಯಪುರದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದ ಈ ಮುದುಕಿ, ಗಂಡನ ಕಿರಾಣಿ ಅಂಗಡಿಯಲ್ಲಿ ಬೇಳೆ ಚೀಲಕ್ಕೆ ಒರಗಿ ಕೂತು ಓದಿದ್ದೇನು ಕಡಿಮೆಯೇ? ಕನ್ನಡ ಮಂಡಳದ ಕಪಾಟನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನತನಕ ಮುಗಿಸಿ, ಕೆಳಗಿನಿಂದ ಮೇಲಕ್ಕೆ ಮತ್ತೊಮ್ಮೆ ಮುಗಿಸಿದ್ದಳು. ಗಂಡ ಹೋದ, ಅಂಗಡಿ ಹೋಯಿತು, ಓದು ಮಾತ್ರ ಉಳಿಯಿತು. ಈಗ ಅದಕ್ಕೂ ಸಂಚಕಾರ ಬಂದಿತ್ತು. ಕಣ್ಣಿನ ಒಳಪರದೆಯ ನಡುಭಾಗ ಸವೆದಿದೆ ಎಂದು ಡಾಕ್ಟರು ಹೇಳಿದ್ದರು. ಬದಿಗೆ ಇರುವುದು ಕಾಣುತ್ತದೆ, ಎದುರಿಗೆ ಹಿಡಿದದ್ದು ಮಬ್ಬು. ರೊಟ್ಟಿ ಬಡಿಯಲು ಕಣ್ಣು ಬೇಕಿಲ್ಲ, ರೂಢಿಯಾದ ಕೈ ಸಾಕು. ಅಕ್ಷರಕ್ಕೆ ಕಣ್ಣೇ ಬೇಕು.

ಹಾಗಾಗಿ ಓದುವ ಕೆಲಸ ಸೊಸೆ ತ್ರಿವೇಣಿಯ ಕೊರಳಿಗೆ ಬಿತ್ತು. ಪುಣೆಯ ಕೊಂಢವಾ ಬಡಾವಣೆಯ ಆ ಮೂರನೇ ಮಹಡಿಯ ಮನೆಯಲ್ಲಿ ಬೆಳಗಿನ ಪದ್ಧತಿ ಹೀಗಿತ್ತು: ಅತ್ತೆ ಒಲೆಯ ಕಟ್ಟೆಯ ಮುಂದೆ ನಿಂತು ಜೋಳದ ರೊಟ್ಟಿ ಬಡಿಯಬೇಕು, ಸೊಸೆ ಪಕ್ಕದ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಓದಬೇಕು. ಚಾಕಣದ ಕಾರ್ಖಾನೆಗೆ ಹೋಗುವ ತ್ರಿವೇಣಿಯ ಗಂಡ ಮಾಂತುವಿನ ಕಂಪನಿ ಬಸ್ಸು ಬರುವುದರೊಳಗೆ ಡಬ್ಬಿಯೂ ತುಂಬಬೇಕು, ಅಧ್ಯಾಯವೂ ಮುಗಿಯಬೇಕು. ಪುಸ್ತಕ ಹೇಗಿದೆ ಎಂದು ಭೀಮವ್ವನನ್ನು ಕೇಳುವ ಅಗತ್ಯವೇ ಇರಲಿಲ್ಲ. ಬೇಸರ ಬಂದರೆ ರೊಟ್ಟಿ ಬಡಿಯುವ ಸಪ್ಪಳ ಕೆಳಗಿನ ಮಹಡಿಯವರಿಗೂ ಕೇಳುತ್ತಿತ್ತು.

ಆ ದೀಪಾವಳಿ ಕಳೆದ ಮೇಲೆ ಸಪ್ಪಳ ಇಳಿದದ್ದೇ ಇಲ್ಲ. ಸೊಲ್ಲಾಪುರದಿಂದ ತರಿಸಿದ ಪುಸ್ತಕ, ಧಾರವಾಡದಿಂದ ಪಾರ್ಸಲ್ಲಿನಲ್ಲಿ ಬಂದದ್ದು, ಬಹುಮಾನ ಬಂದದ್ದು, ಬಾರದ್ದು, ಎಲ್ಲಕ್ಕೂ ಒಂದೇ ಗತಿ.

"ಎಷ್ಟು ಹಾಳಿ ಆತು?" ಭೀಮವ್ವ ಕೇಳಿದಳು.

"ಹನ್ನೆರಡ್ರಿ, ಅತ್ತಿ."

"ಹನ್ನೆರಡು ಹಾಳಿ ಆದ್ರೂ ಈ ಮನ್ಯಾಗ ಒಬ್ರೂ ಉಂಡಿಲ್ಲಲ್ಲ! ಅಂವ ಕಿಟಕ್ಯಾಗ ನಿಂತಾನ, ಆಕಿ ಕನ್ನಡಿ ಮುಂದ ನಿಂತಾಳ. ಇವ್ರ ಮನ್ಯಾಗ ಬಾಂಡೆ ಯಾರು ತಿಕ್ಕತಾರ?"

"ಅದನ್ನ ಬರದಿಲ್ರಿ."

"ಬರದಿಲ್ಲಂದ್ರ ಮುಚ್ಚು."

ಮಾಂತು ಸ್ನಾನದ ಮನೆಯಿಂದಲೇ ಕೂಗಿದ. "ಯವ್ವಾ, ಹೊಸಾವು ಸೇರವಲ್ಲವು ಅಂದ್ರ ಹಳೇವನ್ನ ಮತ್ತ ಓದಿಸ್ಕೋಬಾರದೇನು?"

"ಹಳೇವು ನನಗ ಬಾಯಿಪಾಠ ಅದಾವ. ಯಾರು ಸಾಯ್ತಾರ, ಯಾರು ಓಡಿ ಹೋಗ್ತಾರ, ಎಲ್ಲಾ ಗೊತ್ತು. ಉಂಡ ಎಲಿ ಮ್ಯಾಲ ಮತ್ತ ಉಣ್ಣು ಅಂತಿಯಲ್ಲೋ!"

ಕಾಲೇಜಿಗೆ ಹೋಗುವ ಮೊಮ್ಮಗ ರೋಹಿತ ಫೋನಿನಲ್ಲಿ ಕಥೆ ಓದಿ ಹೇಳುವ ಆ್ಯಪ್ ಹಾಕಿಕೊಟ್ಟ. ಭೀಮವ್ವ ಒಂದು ನಿಮಿಷ ಕೇಳಿ ಫೋನನ್ನು ಹಿಟ್ಟಿನ ಕೈಯಿಂದಲೇ ಆಚೆ ತಳ್ಳಿದಳು. "ಈಕಿ ಸ್ಟೇಷನ್ನಿನ್ಯಾಗ ಗಾಡಿ ಬರ್ತದಂತ ಹೇಳಾಕಿ ಅಲ್ಲೇನೋ? ಅತ್ತಿ ಸತ್ತದ್ದನ್ನೂ ಹಂಗ ಹೇಳ್ತಾಳ, ಚಾ ಕಾಸಿದ್ದನ್ನೂ ಹಂಗ ಹೇಳ್ತಾಳ."

ನಿಜ ಹೇಳಬೇಕೆಂದರೆ ಬೇಸರ ತ್ರಿವೇಣಿಗೂ ಬಂದಿತ್ತು. ಬಿಲ್ಡರ್ ಒಬ್ಬರ ಆಫೀಸಿನಲ್ಲಿ ಇಡೀ ದಿನ ಗುಮಾಸ್ತಿಕೆ ಮಾಡುವ ಹೆಂಗಸು, ಬೆಳಿಗ್ಗೆ ಎದ್ದು ಯಾವನೋ ಕಿಟಕಿಯಲ್ಲಿ ನಿಂತದ್ದನ್ನು ಎಷ್ಟಂತ ಓದಿಯಾಳು? ಒಂದು ದಿನ ಆ ಮನುಷ್ಯ ಮೂರನೇ ಅಧ್ಯಾಯದಲ್ಲೂ ಕಿಟಕಿ ಬಿಡಲಿಲ್ಲ. ಅತ್ತೆಯ ಕೈ ಧಬಧಬ ಎನ್ನುತ್ತಿತ್ತು. ತ್ರಿವೇಣಿ ಪುಟ ತಿರುಗಿಸಿದಳು. ಪುಟದಲ್ಲಿ ಇಲ್ಲದ ಮಾತು ಬಾಯಿಗೆ ಬಂತು.

"ವಿಜಯಾ ತಾಟು ಹಾಕಿದಳು. ಗಂಡನ ತಾಟು ಮಾತ್ರ ಹೊರಗಿನ ಕೋಣೆಗೆ ಹೋಯಿತು. ಅದನ್ನು ಮಗಳ ಕೈಯಲ್ಲಿ ಕಳಿಸಿದಳು. 'ಇನ್ನೊಂದು ರೊಟ್ಟಿ ಬೇಕೇನು, ನಿಮ್ಮಪ್ಪನಿಗೆ ಕೇಳು' ಎಂದಳು. ಅಡುಗೆಮನೆಗೂ ಆ ಕೋಣೆಗೂ ನಡುವೆ ಇದ್ದದ್ದು ಒಂದು ಬಟ್ಟೆಯ ಪರದೆ. ಎರಡು ವರ್ಷದಿಂದ ಗಂಡ ಹೆಂಡತಿಯ ಒಂದು ಮಾತೂ ಆ ಪರದೆಯನ್ನು ದಾಟಿರಲಿಲ್ಲ."

ಸಪ್ಪಳ ನಿಂತಿತು. "ಎರಡು ವರ್ಷ?" ಎಂದಳು ಭೀಮವ್ವ. "ಒಂದ ಮನ್ಯಾಗ?"

"ಹೌದ್ರಿ."

"ಮುಂದ ಓದು."

ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಮಾಂತು ಅದನ್ನೇ ಡಬ್ಬಿಗೆ ಹಾಕಿಕೊಂಡು ಗೊಣಗುತ್ತ ಬಸ್ಸು ಹಿಡಿದ.

ಆ ಪರದೆಯನ್ನು ತ್ರಿವೇಣಿ ಕಟ್ಟಿ ಹೇಳಿದ್ದಲ್ಲ. ಅದು ಇಂದಾಪುರದಲ್ಲಿ, ಭೀಮವ್ವನ ಮಗಳು, ನಾದಿನಿ ನೀತಾಳ ಮನೆಯಲ್ಲಿ ತೂಗುತ್ತಿರುವ ಪರದೆ. ಪಂಚಮಿಗೆಂದು ತೌರಿಗೆ ಬಂದಿದ್ದಾಗ ನೀತಾ ಗಚ್ಚಿಯ ಮೇಲೆ ಬಟ್ಟೆ ಒಣಹಾಕುತ್ತ ಎಲ್ಲವನ್ನೂ ವೈನಿಗೆ, ಅಂದರೆ ಅಣ್ಣನ ಹೆಂಡತಿ ತ್ರಿವೇಣಿಗೆ, ಹೇಳಿಕೊಂಡಿದ್ದಳು. ಗಂಡ ನಿತಿನ ಬಸ್‌ಸ್ಟ್ಯಾಂಡಿನ ಹತ್ತಿರ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವನು. ಹೊಡೆಯುವುದಿಲ್ಲ, ಕುಡಿಯುವುದಿಲ್ಲ. ಯಾವುದೋ ಒಂದು ಜಗಳದ ಮೇಲೆ ಮಾತು ಬಿಟ್ಟವನು ಬಿಟ್ಟೇ ಬಿಟ್ಟಿದ್ದ. ಎಲ್ಲ ಮಾತೂ ಅವರ ನಡುವೆ ಸಿಕ್ಕ ಮಗಳ ಬಾಯಿಂದ. ಆ ಹುಡುಗಿ ಈಗ ಸಾಲಿಯಲ್ಲಿ ಯಾರೊಂದಿಗೂ ಮಾತಾಡುತ್ತಿಲ್ಲವೆಂದು ಮಾಸ್ತರರು ಕರೆದು ಹೇಳಿದ್ದರಂತೆ.

"ಸಂಕ್ರಾಂತಿಗೆ ಬಂದು ಅವ್ವನ ಮುಂದ ನಾನ ಹೇಳ್ತೀನಿ, ವೈನಿ," ಎಂದಿದ್ದಳು ನೀತಾ. "ಆಮ್ಯಾಲ ಹುಡುಗೀನ್ನ ಕರಕೊಂಡು ಇಲ್ಲೇ ಬಂದ್ಬಿಡ್ತೀನಿ. ಇಲ್ಲೀ ಸಾಲ್ಯಾಗ ಜಾಗಾ ಸಿಗತದೇನು ನೋಡಿಡು. ಅಲ್ಲೀತನಕ ಯಾರಿಗೂ ಹೇಳಬ್ಯಾಡ. ಅವ್ವಗಂತೂ ಬ್ಯಾಡ. ಬ್ಯಾಡಂದ್ರೂ ಕೇಳದ ಈ ಸಂಬಂಧ ಮಾಡಿದಾಕಿ ಆಕಿ. ನಾನ ಹೇಳಬೇಕು, ನನ್ನ ಬಾಯಿಂದನ ಕೇಳಬೇಕು."

ಯಾರಿಗೂ ಹೇಳುವುದಿಲ್ಲವೆಂದು ತ್ರಿವೇಣಿ ಅನ್ನದ ಮೇಲೆ ಆಣೆ ಮಾಡಿದ್ದಳು. ಸಾಲಿಯಲ್ಲಿ ವಿಚಾರಿಸಿಯೂ ಇದ್ದಳು. ಹೆಸರು ಬದಲಿಸಿದ್ದೇನೆ, ಟ್ರ್ಯಾಕ್ಟರ್ ಅಂಗಡಿಯನ್ನು ಔಷಧಿ ಅಂಗಡಿ ಮಾಡಿದ್ದೇನೆ, ಇದರಲ್ಲಿ ಆಣೆ ಎಲ್ಲಿ ಮುರಿಯಿತು ಎಂದು ಅವಳು ತನಗೆ ತಾನೇ ವಕೀಲಿಕೆ ಮಾಡಿಕೊಂಡಳು. ಕಳ್ಳನ ಮನಸ್ಸು ಹುಳ್ಳಗೆ ಅನ್ನುತ್ತಾರಲ್ಲ, ಆ ದಿನ ಆಫೀಸಿನಲ್ಲಿ ಯಾರು ಕೂಗಿದರೂ ಅವಳು ಬೆಚ್ಚುತ್ತಿದ್ದಳು.

ನಾಳೆ ನಿಲ್ಲಿಸಬೇಕು ಎಂದುಕೊಂಡಳು. ಆದರೆ ಮರುದಿನ ಭೀಮವ್ವ ತಾನೇ ಸ್ಟೂಲು ಎಳೆದು ಇಟ್ಟಿದ್ದಳು, ಚಹಾ ಕಾಸಿ ಲೋಟ ಮುಚ್ಚಿಟ್ಟಿದ್ದಳು. ಮದುವೆಯಾಗಿ ಬಂದಾಗಿನಿಂದ ಸೊಸೆಯ ಸಾರಿನಲ್ಲಿ ಉಪ್ಪು ಹುಡುಕಿದ ಅತ್ತೆ ಸೊಸೆಗೆ ಚಹಾ ಕಾಸಿ ಇಡುವುದೆಂದರೇನು! ತ್ರಿವೇಣಿ ಚಹಾ ಕುಡಿದಳು, ಪುಸ್ತಕ ತೆರೆದಳು, ಕಿಟಕಿಯ ಮನುಷ್ಯನನ್ನು ದಾಟಿ ವಿಜಯಾಳ ಮನೆಗೆ ಹೋದಳು. ಮನಸ್ಸಿನಲ್ಲಿ ಅಳುಕು ಇತ್ತು. ಅದರ ಮೇಲೆ ಇನ್ನೊಂದು ಇತ್ತು, ಅದಕ್ಕೆ ಜಂಬ ಎಂದೇ ಹೆಸರು. ಪೇಟೆಯ ಬರಹಗಾರರೆಲ್ಲ ಸೋತ ಕಡೆ ತಾನು ಗೆದ್ದಿದ್ದಳು.

ಮನೆಯ ವ್ಯವಹಾರವೇ ಬದಲಾಯಿತು. ಭೀಮವ್ವ ಸಾರಿನಲ್ಲಿ ಕುಂದು ಹುಡುಕುವುದನ್ನು ಬಿಟ್ಟಳು. ಸಂಜೆ ದೇವಸ್ಥಾನದ ಕಟ್ಟೆಯ ಮೇಲೆ ಗೆಳತಿಯರಿಗೆ ವಿಜಯಾಳ ಕಥೆ ಹೇಳಿ ಬರುತ್ತಿದ್ದಳು. ಕಷ್ಟವೆಲ್ಲ ಮಾಂತುವಿನ ಡಬ್ಬಿಗೆ.

"ದಿನಾ ಕರಕಲ ರೊಟ್ಟಿ ತಿಂದು ಸಾಕಾತು," ಎಂದು ಅವನು ಹೆಂಡತಿಯ ಮೇಲೆ ಹರಿಹಾಯ್ದ. "ನನ್ನ ಡಬ್ಬಿ ನೋಡಿ ಕ್ಯಾಂಟೀನಿನ್ಯಾಗ ನಗತಾರ."

"ನಿಮ್ಮವ್ವನ ಕೇಳ್ರಿ."

"ಕೇಳಿದೆ. ‘ವಿಜಯಾಗ ಬಂದ ಕಷ್ಟದ ಮುಂದ ನಿನ್ನ ರೊಟ್ಟೀದೇನೋ’ ಅಂತಾಳ! ಯಾರಕಿ ವಿಜಯಾ?"

ತ್ರಿವೇಣಿ ತೋಯಿಸಿಟ್ಟ ಬಟ್ಟೆ ಹಿಂಡತೊಡಗಿದಳು.

ಕಥೆ ಮುಂದುವರಿದು ವಿಜಯಾ ಬಟ್ಟೆಯ ಚೀಲ ತುಂಬುವತನಕ ಬಂತು. ಮಗಳನ್ನು ಕರೆದುಕೊಂಡು ತೌರಿಗೆ ಹೋಗಬೇಕೆಂದು ಅವಳು ನಿಶ್ಚಯ ಮಾಡಿದ ಬೆಳಿಗ್ಗೆ ಭೀಮವ್ವ ಹಿಟ್ಟಿನ ಕೈ ಎತ್ತಿ ತಡೆದಳು.

"ತಡಿ ತಡಿ. ಎದ್ದು ಹೋಗ್ತಾಳೇನು ಈಕಿ?"

"ಹೋಗಬೇಕು ಅಂತಾಳ್ರಿ. ತಾಯಿ ಮನಿಗೆ."

"ಹೋದ್ರ ಕಥಿ ಕೆಟ್ಟಿತು ನೋಡು! ಗಂಡ ಹೊಡದಿಲ್ಲ, ಬಡದಿಲ್ಲ. ಮಾತಾಡೂದಿಲ್ಲ, ಅಷ್ಟ. ನಮ್ಮ ಮಾವ ನಮ್ಮ ಅತ್ತಿ ಜೋಡಿ ಯಾವಾಗ ಮಾತಾಡಿದ್ದ? ಅಷ್ಟಕ್ಕ ಚೀಲ ತುಂಬೋ ಹುಡುಗೇರನ್ನ ಕಂಡ್ರ ನನಗ ಮೈ ಉರೀತದ."

"ತಾಯಿ ಮನ್ಯಾಗಿಂದ ಆಕಿಗೆ ಆಸರಾ ಬೇಡೇನ್ರಿ, ಅತ್ತಿ?"

"ಆ ತಾಯಿಗೆ ಬುದ್ಧಿ ಇದ್ರ ಹೊಸ್ತಿಲದಾಗ ನಿಲ್ಲಿಸಿ ತಿರುಗಿ ಕಳಸ್ತಾಳ. ನೀ ಓದು."

ತ್ರಿವೇಣಿ ಮುಂದೆ ಓದಲಿಲ್ಲ. ಆಫೀಸಿಗೆ ಹೊತ್ತಾಯಿತೆಂದು ಪುಸ್ತಕ ಮುಚ್ಚಿ ಎದ್ದಳು. ಅವತ್ತು ಸಂಜೆ ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಅತ್ತೆಯ ದನಿ ಕೇಳಿಸಿತು. ಫೋನಿನಲ್ಲಿ ಮಾತಾಡುವಾಗ ಇಂದಾಪುರದತನಕ ನೇರವಾಗಿ ಕೇಳಲೆಂಬಂತೆ ಕೂಗುವುದು ಅವಳ ಅಭ್ಯಾಸ.

"ಹೂಂ, ವಿಜಯಾ ಅಂತ ಆಕಿ ಹೆಸರು. ಭಾಳ ಚಲೋ ಬರದಾನ. ನಡುವ ಒಂದು ಪರದಿ ಅದ, ಅದನ್ನ ದಾಟಿ ಮಾತಿಲ್ಲ, ಎಲ್ಲಾ ಮಗಳ ಕೈಲೇ ಹೇಳಿ ಕಳಸೂದು. ಆದ್ರ ನೀತಾ, ಈಗ ಎದ್ದು ಬರ್ತೀನಿ ಅಂತ ನಿಂತಾಳ ನೋಡು. ಸುಮ್ನ ಹೊಂದ್ಕೊಂಡು ಹೋಗೂದು ಬಿಟ್ಟು! ನಾ ಆಕಿ ತಾಯಿ ಆಗಿದ್ರ ಒಳಗ ಕರೀತಿದ್ದಿಲ್ಲ. ಹಲೋ? ಕೇಳತಾದೇನು? ಹಲೋ?"

ತ್ರಿವೇಣಿ ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಕಾಲಲ್ಲೇ ಇಟ್ಟುಕೊಂಡು ಗೋಡೆ ಹಿಡಿದು ನಿಂತಳು. ತಾಯಿ ಮಗಳು ದಿನಾ ಫೋನಿನಲ್ಲಿ ಮಾತಾಡುತ್ತಾರೆಂಬುದು ಅವಳಿಗೆ ತಿಳಿಯದ ಸಂಗತಿಯೇ? ಹೊಸ ಕಾದಂಬರಿ ಸಿಕ್ಕರೆ ಭೀಮವ್ವ ಮೊದಲು ಹೇಳುವುದು ಮಗಳಿಗೇ ಎಂಬುದು ತಿಳಿಯದ್ದೇ? ತಿಳಿದಿತ್ತು. ಚಹಾದ ಲೋಟದ ಆಸೆಗೆ ತಿಳಿಯದವಳಂತೆ ಇದ್ದಳು, ಅಷ್ಟೇ.

ಮರುದಿನ ಆಫೀಸಿಗೆ ನೀತಾಳ ಫೋನು ಬಂತು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ವೈನಿ, ಸಾಲೀದು ಏನೂ ನೋಡಬ್ಯಾಡ ಇನ್ನ."

"ನೀತಾ, ನಾ ಹೇಳೂದು ಕೇಳು. ನಾ ಹೆಸರು ಹೇಳಿಲ್ಲ…"

"ಹೆಸರು ಹೇಳಬೇಕಾಗಿತ್ತು. ಹೆಸರು ಹೇಳಿದ್ರ ಅವ್ವ ಒಂದೀಟು ವಿಚಾರ ಮಾಡಿ ಮಾತಾಡ್ತಿದ್ಲು," ಎಂದಳು ನೀತಾ. "ಅವ್ವ ನನ್ನನ್ನ ಒಳಗ ಕರೀತಾಳೋ ಇಲ್ಲೋ ಅಂತ ನಾ ಎರಡು ವರ್ಷದಿಂದ ಒಬ್ಬಾಕಿನ ಕುಂತು ಲೆಕ್ಕಾ ಹಾಕತಿದ್ದೆ. ನನ್ನ ಮಾರಿ ನೋಡಿದ್ರ ಕರೀತಾಳ ಅನಸ್ತಿತ್ತು. ಈಗ ಲೆಕ್ಕಾ ಮುಗೀತು. ಸಂಕ್ರಾಂತಿಗೆ ನಾ ಬರೂದಿಲ್ಲ. ಅಣ್ಣಗ ಹುಡುಗಿ ಪರೀಕ್ಷಾ ಅದ ಅಂತ ಹೇಳು."

ತ್ರಿವೇಣಿ ಆಫೀಸಿನ ಸಂಡಾಸಿಗೆ ಹೋಗಿ ನಳ ಬಿಟ್ಟು ಅತ್ತಳು. ತನ್ನ ಮೇಲೆ ನಂಬಿಕೆಯಿಟ್ಟು ಹೇಳಿದ ಹೆಂಗಸಿನ ಗೋಳನ್ನು ರೊಟ್ಟಿಯ ಜೊತೆ ನೆಂಚಿಕೊಳ್ಳಲು ಬಡಿಸಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋದದ್ದನ್ನು ಹೇಗಾದರೂ ಹಿಂದಕ್ಕೆ ತರಬೇಕು ಎಂದುಕೊಂಡಳು.

ಅವಳಿಗೆ ತೋಚಿದ ದಾರಿ ಒಂದೇ. ಕಥೆ ಕೆಡಿಸಿದ್ದನ್ನು ಕಥೆಯಿಂದಲೇ ಸರಿಪಡಿಸುವುದು. ವಿಜಯಾಳ ಮೇಲೆ ಭೀಮವ್ವನಿಗೆ ಕರುಣೆ ಹುಟ್ಟಿಸಿಬಿಟ್ಟರೆ, ಫೋನಿನಲ್ಲಿ ಅದನ್ನೂ ಮಗಳಿಗೆ ಹೇಳುತ್ತಾಳೆ, ನೀತಾ ಬರುತ್ತಾಳೆ. ಮರುದಿನದಿಂದ ಔಷಧಿ ಅಂಗಡಿಯವನು ಕುಡಿಯತೊಡಗಿದ. ಅದರ ಮರುದಿನ ಹೆಂಡತಿಯನ್ನು ಹೊಡೆದ. ವಿಜಯಾಳಿಗೆ ಜ್ವರ ಬಂತು. ತಾಯಿ ಓಡಿ ಬಂದು ಮಗಳನ್ನು ಎದೆಗೆ ಅಪ್ಪಿಕೊಂಡು, "ನಾನು ತಪ್ಪು ಮಾಡಿದೆ, ನಡಿ ಮನೆಗೆ" ಎಂದಳು.

ಧಬ್ ಧಬ್ ಧಬ್. ಕೆಳಗಿನ ಮಹಡಿಯವರು ಬಹುಶಃ ಮೇಲೆ ನೋಡಿರಬೇಕು.

"ಇವಾ ಯಾವಾಗ ಕುಡಿಯಾಕ ಹತ್ತಿದ?" ಭೀಮವ್ವ ಕೇಳಿದಳು. "ಇಷ್ಟು ದಿನ ಊಟಕ್ಕ ಕುಂತ್ರ ನೀರು ಸುದ್ದಾ ಕೇಳ್ತಿದ್ದಿಲ್ಲ."

"ಮನುಷ್ಯ ಬದಲಾಗ್ತಾನ್ರಿ."

"ಮನುಷ್ಯ ಬದಲಾಗಿಲ್ಲ, ಬರದಾಂವ ಬದಲಾಗ್ಯಾನ. ಇಷ್ಟು ದಿನ ಎಲ್ಲಾ ಕಣ್ಣಾಗ ಕಟ್ಟಿದಂಗ ಇತ್ತು. ಈಗ ನನ್ನ ಅಳಸಬೇಕಂತ ಬೆನ್ನು ಹತ್ಯಾನ. ಮತ್ತ ಆ ತಾಯಿ! ಮಗಳ ಸುದ್ದಿ ಕೇಳದ ವರ್ಷಾನುಗಟ್ಟಲೆ ಕುಂತಾಕಿ ಈಗ ಒಮ್ಮಿಂದೊಮ್ಮೆ ಓಡಿ ಬಂದು ಅಪ್ಕೊತಾಳೇನು? ಸುಳ್ಳು. ಸುದ್ದ ಸುಳ್ಳು. ಮುಚ್ಚಿಡು, ಇದೂ ಕೆಟ್ಟಿತು."

"ಕೆಟ್ಟಿಲ್ರಿ ಅತ್ತಿ, ಇನ್ನೊಂದೆರಡು ಹಾಳಿ…"

"ಮುಚ್ಚು ಅಂದ್ನೆಲ್ಲ. ಇದರಕಿಂತ ಆ ಕಿಟಕಿ ಮನಶಾನ ವಾಸಿ."

ಅವತ್ತು ರವಿವಾರ. ಮಾಂತು ಹೊರಗಿನ ಕೋಣೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದ. ತ್ರಿವೇಣಿ ಪುಸ್ತಕ ಮುಚ್ಚಿದಳು. ಇನ್ನೂ ಒಂದು ಸುಳ್ಳು ಜೋಡಿಸುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಅತ್ತಿ, ಇದು ಪುಸ್ತಕದಾಗ ಇಲ್ರಿ."

"ಏನಿಲ್ಲ?"

"ವಿಜಯಾ ಇಲ್ಲ. ಕುಡಿಯೂದು, ಹೊಡಿಯೂದು ನಾ ಕಟ್ಟಿದ್ದು. ಅದರಕಿಂತ ಹಿಂದಿಂದು ಎಲ್ಲಾ ಖರೆ. ಅದು ನಮ್ಮ ನೀತಾನ ಮನಿ, ಅತ್ತಿ. ಪಂಚಮ್ಯಾಗ ನನ್ನ ಮುಂದ ಹೇಳ್ಕೊಂಡಿದ್ಲು. ಯಾರಿಗೂ ಹೇಳೂದಿಲ್ಲಂತ ಅನ್ನದ ಮ್ಯಾಲ ಆಣಿ ಮಾಡಿದ್ದೆ."

ಮಾಂತು ತಾಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದ. "ಏನಂದಿ? ನಮ್ಮ ನೀತಾ? ಎರಡು ವರ್ಷ? ಒಂದ ಹಾಸಿಗ್ಯಾಗ ಮಲಗಾಕಿ, ನನಗ ಒಂದು ಮಾತು ಹೇಳಬಾರದೇನು ನೀ?"

"ಆಕಿ ಬ್ಯಾಡಂದಿದ್ಲು."

"ನನಗ ಹೇಳಾಕ ಬ್ಯಾಡ, ನಮ್ಮವ್ವಗ ಕಥಿ ಮಾಡಿ ಹೇಳಾಕ ಅಡ್ಡಿಯಿಲ್ಲ? ದೇವಸ್ಥಾನದ ಕಟ್ಟಿತನಕ ಮುಟ್ಟಿಸಿದ್ಯಲ್ಲ! ನಾಚಿಗಿ ಬರೂದಿಲ್ಲ ನಿನಗ?"

ಬರುತ್ತಿತ್ತು. ಅವಳು ಎದ್ದು ಪುಸ್ತಕವನ್ನು ಸ್ಟೂಲಿನ ಮೇಲೆ ಇಟ್ಟಳು.

"ಮಾಂತೂ, ಸುಮ್ಮನಿರು," ಎಂದಳು ಭೀಮವ್ವ. ಗ್ಯಾಸು ಆರಿಸಿದಳು. ಕೈಯ ಹಿಟ್ಟನ್ನು ಬೆರಳು ಬೆರಳಿಗೂ ಉಜ್ಜಿ ತೆಗೆದಳು. "ನಾ ಏನೇನಂದೆ ಆಕಿಗೆ ಫೋನಿನ್ಯಾಗ? ಹೊಂದ್ಕೋಬೇಕು ಅಂದೆ. ನಾ ತಾಯಿ ಆಗಿದ್ರ ಒಳಗ ಕರೀತಿದ್ದಿಲ್ಲಂತನೂ ಅಂದೆ. ಕಥಿ ಅಂತ ಅಂದೆ. ನಮ್ಮ ನೀತಾ ಅಂತ ಗೊತ್ತಿದ್ರ ಹಂಗ ಅಂತಿದ್ನೇನು?"

ಉತ್ತರ ಅವಳೇ ಕೊಟ್ಟಳು.

"ಅಂತಿದ್ದೆ. ಹಂಗಂತೀನಿ ಅಂತನ ಆಕಿ ನನ್ನ ಮುಂದ ಹೇಳಿಲ್ಲ."

ತ್ರಿವೇಣಿ ಅತ್ತೆಯ ಕಾಲು ಹಿಡಿಯಲು ಬಗ್ಗಿದಳು. ಭೀಮವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು. "ನನ್ನ ಕಾಲು ಯಾಕ ಹಿಡೀತಿ? ನಾನೂ ನಿನ್ನ ಜೋಡೀದಾಕಿನ. ನೀ ಬಡಿಸಿದಿ, ನಾ ಬಾಯಿ ಚಪ್ಪರಿಸಿ ತಿಂದೆ. ಫೋನ್ ಹಚ್ಚು ಆಕಿಗೆ."

ಫೋನು ಎತ್ತಿದ ನೀತಾಳಿಗೆ ಭೀಮವ್ವ ಹೇಳಬೇಕೆಂದದ್ದನ್ನು ಪೂರ್ತಿ ಹೇಳಲಾಗಲಿಲ್ಲ. "ನೀತಾ, ಆ ಹುಡುಗಿ…" ಎಂದು ಶುರು ಮಾಡಿದಳು.

"ಆ ಹುಡುಗಿ ಹೊಂದ್ಕೊಂಡಾಳ, ಅವ್ವಾ," ಎಂದಿತು ಆಚೆಯ ದನಿ. "ಕಥಿ ಕೆಡಲಿಲ್ಲ. ನೀ ಕಾಳಜಿ ಮಾಡಬ್ಯಾಡ." ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಭೀಮವ್ವ ಕಪಾಟಿನಿಂದ ತನ್ನ ಇಳಕಲ್ ಸೀರೆ ತೆಗೆಸಿದಳು. "ಮಾಂತೂ, ಸ್ವಾರಗೇಟ್ ಬಸ್‌ಸ್ಟ್ಯಾಂಡಿಗೆ ರಿಕ್ಷಾ ಮಾಡ್ಕೊಡು. ಇಂದಾಪುರಕ್ಕ ಹೋಗ್ತೀನಿ."

"ನಾ ಬರ್ತೀನಿ, ಯವ್ವಾ."

"ನೀ ಬಂದ್ರ ಅಳ್ಯಾನ ಜೋಡಿ ಜಗಳಾ ತಗೀತಿ. ತ್ರಿವೇಣಿ ಬರತಾಳ."

"ನಾ ಒಲ್ಲೆರಿ, ಅತ್ತಿ," ಎಂದಳು ತ್ರಿವೇಣಿ. "ಆಕಿ ಮಾರಿ ನೋಡೋ ಧೈರ್ಯ ನನಗಿಲ್ಲ."

"ನೋಡಲಿಕ್ಕ ನನಗರ ಕಣ್ಣೆಲ್ಲಿ ಅದಾವ? ಎದುರಿಗೆ ನಿಂತ್ರ ಮಗಳ ಮಾರಿ ನನಗ ಕಾಣೂದಿಲ್ಲ. ಹೆಂಗ ಅದಾಳ ಅಂತ ನೀನ ಹೇಳಬೇಕು. ಈ ಸಲ ಇದ್ದದ್ದು ಇದ್ದಂಗ ಹೇಳು."

ಅತ್ತೆ ಸೊಸೆ ಕೆಂಪು ಎಸ್.ಟಿ. ಬಸ್ಸು ಹತ್ತಿದರು. ಕಬ್ಬಿನ ಗಾಡಿಗಳನ್ನು ದಾಟಿ ಇಂದಾಪುರ ತಲುಪಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ತ್ರಿವೇಣಿ ಅತ್ತೆಯ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿ ಬಾಗಿಲು ಬಡಿದಳು. ಒಳಗಿನಿಂದ ಬಂದ ನೀತಾ ಬಾಗಿಲು ತೆರೆದವಳು ಹಾಗೆಯೇ ನಿಂತಳು.

ಭೀಮವ್ವ ಹೊಸ್ತಿಲ ಹೊರಗೇ ನಿಂತಳು. "ನೀತಾ, ಕರಕೊಂಡು ಹೋಗಾಕ ಬಂದೀನಿ. ನೀ ಬಂದ್ರೂ ಚಲೋ, ಬೈದು ಕಳಿಸಿದ್ರೂ ಚಲೋ," ಎಂದಳು. ಮುದುಕಿ ಸೊಸೆಯ ಕಡೆ ತಲೆ ತಿರುಗಿಸಿದಳು. "ತ್ರಿವೇಣಿ, ಹೇಳು. ಹೆಂಗ ಅದಾಳ?"

ಚೆನ್ನಾಗಿದ್ದಾಳೆ ಅನ್ನುವ ಮಾತು ತ್ರಿವೇಣಿಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದಳು.

"ಭಾಳ ಸೊರಗ್ಯಾಳ್ರಿ. ಕಣ್ಣ ಕೆಳಗ ಕಪ್ಪಾಗೇದ. ಒಂದು ಕೈ ಬಾಗಲಾ ಹಿಡದದ."

"ನನ್ನ ನೋಡಿ ಅಳಾಕತ್ಯಾಳೇನು?"

"ಇಲ್ರಿ, ಅತ್ತಿ," ಎಂದಳು ತ್ರಿವೇಣಿ. "ನಿಮ್ಮನ್ನ ನೋಡವಲ್ಲಳು. ನನ್ನನ್ನ ನೋಡಾಕತ್ಯಾಳ."